ಕಾಡುಮೊಲದ ಮರಿಗೆ ಕೆಎಂಆರ್ ಪುಡಿ: ಹಾಲು ಪರವಾಗಿಲ್ಲ, ಡಬ್ಬದ ಲೆಕ್ಕ ಮಾತ್ರ ಬೆಕ್ಕಿನದು

ಅಮೆರಿಕದ ಪೆಟ್‌ಆಗ್ ಕಂಪನಿಯ ಕೆಎಂಆರ್ (ಕಿಟನ್ ಮಿಲ್ಕ್ ರಿಪ್ಲೇಸರ್) ಪುಡಿ, ತಾಯಿಹಾಲಿನ ಬದಲು ನೀರಲ್ಲಿ ಕಲಸಿ ಕುಡಿಸಲು ಬೆಕ್ಕಿನ ಮರಿಗಳಿಗೆಂದು ತಯಾರಾದದ್ದು. ಆದರೂ ಕಬ್ಬಿನ ಕೊಯ್ಲಿನಲ್ಲೋ, ಬೇಸಿಗೆಯ ಹುಲ್ಲುಬೆಂಕಿಯಲ್ಲೋ, ನಾಯಿಗಳ ಬಾಯಿಗೆ ಸಿಕ್ಕೋ ತಾಯಿ ಸತ್ತು ಉಳಿದ ಕಾಡುಮೊಲದ ಮರಿ ಕೈಗೆ ಬಂದಾಗ, ಪೇಟೆಯಲ್ಲಿ ಸಿಗುವ ಪುಡಿಗಳ ಪೈಕಿ ಮೊದಲು ಹುಡುಕಬೇಕಾದದ್ದು ಇದನ್ನೇ. ಐದಕ್ಕೆ ಮೂರೂವರೆ ಅಂಕ ಕೊಡಬಹುದು. ಒಂದು ಅಂಕ ಹೋದದ್ದು ಕೊಬ್ಬಿನ ಕೊರತೆಗೆ, ಅರ್ಧ ಅಂಕ ಅದರ ಜೊತೆಗೆ ಮಾರುವ ಬಾಟಲಿಗೆ. ಈ ಪುಡಿ ಒಗ್ಗದೆ ಸಾಯುವ ಮರಿಗಳು ಕಡಿಮೆ. ಡಬ್ಬದ ಮೇಲೆ ಬೆಕ್ಕಿಗೆ ಬರೆದ ಲೆಕ್ಕವನ್ನು ಹಾಗೇ ಮೊಲಕ್ಕೆ ಹಚ್ಚಿದ್ದರಿಂದ ಮತ್ತು ಸಿರಿಂಜ್ ಒತ್ತಲು ಬಾರದ್ದರಿಂದ ಸಾಯುವವೇ ಹೆಚ್ಚು.

ಕೊಳ್ಳುವ ಮುಂಚೆ ಎರಡು ಮಾತು. ನಮ್ಮ ಹೊಲ, ಕುರುಚಲು ಕಾಡುಗಳ ಮೊಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಮನೆಯಲ್ಲಿ ಸಾಕುವಂತಿಲ್ಲ. ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926. ಬೆಂಗಳೂರಿನ ಕಡೆಯವರಿಗೆ ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಯೂ ಇದೆ. ಆದ್ದರಿಂದ ಈ ವಿಮರ್ಶೆ, ಮರಿಯನ್ನು ಅಲ್ಲಿಗೆ ಮುಟ್ಟಿಸುವವರೆಗಿನ ಒಂದೆರಡು ದಿನ ಕಳೆಯಬೇಕಾದವರಿಗೆ ಮತ್ತು ಇಲಾಖೆ, ಪಶುವೈದ್ಯರ ಸಲಹೆಯ ಮೇಲೆ ಆರೈಕೆ ಮಾಡುವವರಿಗೆ.

ಎರಡನೆಯದು: ಒಂಟಿಯಾಗಿ ಕೂತ ಮರಿಯೆಲ್ಲ ತಬ್ಬಲಿಯಲ್ಲ. ಯುರೋಪಿನ ಬಿಲದ ಮೊಲ, ಅಮೆರಿಕದ ಗೂಡಿನ ಮೊಲಗಳ ಮರಿ ಕಣ್ಣು ಮುಚ್ಚಿಕೊಂಡು, ಮೈಮೇಲೆ ರೋಮವಿಲ್ಲದೆ ಹುಟ್ಟುತ್ತದೆ. ನಮ್ಮ ಕಾಡುಮೊಲದ ಮರಿ ಹುಟ್ಟುವಾಗಲೇ ಕಣ್ಣು ತೆರೆದಿರುತ್ತದೆ, ಮೈತುಂಬ ರೋಮವಿರುತ್ತದೆ. ತಾಯಿ ಅದನ್ನು ಹುಲ್ಲಿನ ಮರೆಯಲ್ಲಿ ಕೂರಿಸಿ ದೂರ ಹೋಗುತ್ತದೆ, ಕತ್ತಲಾದ ಮೇಲೆ ಬಂದು ಕೆಲವೇ ನಿಮಿಷ ಹಾಲೂಡಿ ಮತ್ತೆ ಮಾಯವಾಗುತ್ತದೆ. ಹಗಲೆಲ್ಲ ಅಲುಗಾಡದೆ ಒಬ್ಬಂಟಿಯಾಗಿ ಕೂರುವುದೇ ಮರಿಯ ರಕ್ಷಣೆ. ಗಾಯವಿಲ್ಲ, ಇರುವೆ ಮುತ್ತಿಲ್ಲ, ನೊಣದ ಮೊಟ್ಟೆ ಕಾಣುತ್ತಿಲ್ಲ, ಮೈ ಬೆಚ್ಚಗಿದೆ ಎಂದರೆ ಇದ್ದಲ್ಲೇ ಬಿಡಿ. ಆ ಜಾಗದಲ್ಲಿ ಟ್ರ್ಯಾಕ್ಟರ್ ಓಡಬೇಕಿದ್ದರೆ ಹತ್ತಾರು ಅಡಿ ದೂರದ ಬದುವಿನ ಮರೆಗೆ ಸರಿಸಿದರೆ ಸಾಕು. ಮನುಷ್ಯ ಮುಟ್ಟಿದ ವಾಸನೆಗೆ ತಾಯಿ ಬಿಟ್ಟುಹೋಗುತ್ತದೆ ಎಂಬುದು ಸುಳ್ಳು ನಂಬಿಕೆ. ಎತ್ತಿ ಮನೆಗೆ ತಂದಾಗಿದ್ದರೂ ಅದೇ ಸಂಜೆ ಅದೇ ಜಾಗಕ್ಕೆ ಕೊಂಡೊಯ್ದು ಬಿಟ್ಟರೆ ತಾಯಿ ಸೇರಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. ಇಷ್ಟೆಲ್ಲ ನೋಡಿಯೂ ತಬ್ಬಲಿಯೇ ಎಂದು ಖಚಿತವಾದರೆ ಮಾತ್ರ ಡಬ್ಬಕ್ಕೆ ದುಡ್ಡು ಹಾಕಿ.

ಇನ್ನು ಡಬ್ಬದೊಳಗೆ ಏನಿದೆ. ಲೇಬಲ್ ಪ್ರಕಾರ ಪುಡಿಯಲ್ಲಿ ಪ್ರೋಟೀನ್ ಕನಿಷ್ಠ ಶೇ. 42, ಕೊಬ್ಬು ಕನಿಷ್ಠ ಶೇ. 25. ಒಂದು ಅಳತೆ ಪುಡಿಗೆ ಎರಡು ಅಳತೆ ನೀರು ಎಂಬ ಸೂಚನೆಯಂತೆ ಕಲಸಿದರೆ ಸಿಗುವ ಹಾಲಿನಲ್ಲಿ ಪ್ರೋಟೀನ್ ಶೇ. 7-8, ಕೊಬ್ಬು ಶೇ. 4-5ರ ಆಸುಪಾಸು. ಮೊಲದ ಹಾಲಾದರೋ ಬಹಳ ಗಟ್ಟಿ: ಕೊಬ್ಬು ಶೇ. 12-15, ಪ್ರೋಟೀನ್ ಶೇ. 10-13, ಲ್ಯಾಕ್ಟೋಸ್ ಮಾತ್ರ ಶೇ. 2ರೊಳಗೆ. ಕಾಡುಮೊಲದ ಹಾಲು ಇದಕ್ಕಿಂತಲೂ ಗಟ್ಟಿ. ದಿನಕ್ಕೊಮ್ಮೆ ಕೆಲವೇ ನಿಮಿಷ ಕುಡಿದು ಮರುದಿನದವರೆಗೆ ಮರಿ ತಡೆಯುವುದು ಈ ಗಟ್ಟಿತನದಿಂದಲೇ. ಹೀಗಾಗಿ ಡಬ್ಬದ ಅಳತೆಯ ಹಾಲು ಮೊಲದ ಮರಿಗೆ ನೀರುನೀರು. ಹೊಟ್ಟೆ ತುಂಬುತ್ತದೆ, ತೂಕ ಏರುವುದಿಲ್ಲ. ಆಗ ಆರೈಕೆ ಮಾಡುವವರು ಹಾಲಿನ ಪ್ರಮಾಣ ಏರಿಸುತ್ತಾರೆ, ಹೊಟ್ಟೆ ಉಬ್ಬರಿಸುತ್ತದೆ, ಭೇದಿ ಶುರುವಾಗುತ್ತದೆ.

ಪರಿಹಾರ ಎರಡು. ನೀರು ಕಡಿಮೆ ಮಾಡುವುದು, ಕೊಬ್ಬು ಸೇರಿಸುವುದು. ಒಂದು ಅಳತೆ ಪುಡಿಗೆ ಒಂದೂವರೆ ಅಳತೆ ನೀರು ಹಾಕಿ. ಹೀಗೆ ಕಲಸಿದ 30 ಮಿ.ಲೀ. ಹಾಲಿಗೆ ಶೇ. 25 ಕೊಬ್ಬಿರುವ, ಸಕ್ಕರೆಯಿಲ್ಲದ ಕ್ರೀಮ್ (ಅಮುಲ್ ಫ್ರೆಶ್ ಕ್ರೀಮ್ ಎಲ್ಲೆಡೆ ಸಿಗುತ್ತದೆ) ಒಂದು ಟೀ ಚಮಚ, ಅಂದರೆ 5 ಮಿ.ಲೀ. ಸೇರಿಸಿದರೆ ಒಟ್ಟು ಕೊಬ್ಬು ಶೇ. 8-9ಕ್ಕೆ ಬರುತ್ತದೆ. ಮೊಲದ ಹಾಲಿನ ಮಟ್ಟಕ್ಕೆ ಇನ್ನೂ ಬರಲಿಲ್ಲ, ಆದರೆ ಕರುಳು ತಡೆಯುವ ಮಟ್ಟದಲ್ಲಿದೆ. ಮೊದಲ ದಿನವೇ ಕ್ರೀಮ್ ಬೇಡ. ಎರಡನೆಯ ದಿನ ಅರ್ಧ ಚಮಚ, ಹಿಕ್ಕೆ ಗಟ್ಟಿಯಾಗಿದ್ದರೆ ಮೂರನೆಯ ದಿನ ಪೂರ್ತಿ. ಮನೆಯಲ್ಲಿ ಕಾಯಿಸಿದ ಹಾಲಿನ ಕೆನೆ ಬಳಸಬಾರದು. ಅದರಲ್ಲಿ ಕೊಬ್ಬೆಷ್ಟು ಎಂಬ ಲೆಕ್ಕ ಸಿಗುವುದಿಲ್ಲ, ಜೊತೆಗೆ ತೆಳುಪದರದ ಗಂಟುಗಳು ಸಿರಿಂಜಿನ ತುದಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಅಮೆರಿಕದ ವನ್ಯಜೀವಿ ಆರೈಕೆಯವರು ಕ್ರೀಮಿನ ಬದಲು ಇದೇ ಕಂಪನಿಯ 30/55 ಪುಡಿಯನ್ನು (ಶೇ. 30 ಪ್ರೋಟೀನ್, ಶೇ. 55 ಕೊಬ್ಬು) ಕೆಎಂಆರ್ ಜೊತೆ ಬೆರೆಸುತ್ತಾರೆ. ಅದು ಇನ್ನೂ ಒಳ್ಳೆಯ ದಾರಿ. ಆದರೆ ನಮ್ಮ ಪೆಟ್ ಅಂಗಡಿಗಳಲ್ಲಿ ಅದನ್ನು ಹುಡುಕುತ್ತ ಕೂತರೆ ಮರಿ ಕಾಯುವುದಿಲ್ಲ.

ಕಲಸುವುದರಲ್ಲೂ ಒಂದು ಗುಟ್ಟಿದೆ. ಪುಡಿ ಹಾಕಿ, ಕುಲುಕಿ, ತಕ್ಷಣ ಕುಡಿಸಿದರೆ ಹಾಲಿನ ತುಂಬ ಗಾಳಿಗುಳ್ಳೆ, ತಳದಲ್ಲಿ ನೆನೆಯದ ಪುಡಿ. ಎರಡೂ ಉಬ್ಬರಕ್ಕೆ ದಾರಿ. ಕುದಿಸಿ ಆರಿಸಿದ ಬೆಚ್ಚನೆಯ ನೀರಿಗೆ ಪುಡಿಯನ್ನು ಉದುರಿಸುತ್ತ ಚಮಚದಿಂದ ಕಲಸಿ, ಟೀ ಸೋಸುವ ಜಾಲರಿಯಲ್ಲಿ ಸೋಸಿ, ಮುಚ್ಚಿ ಫ್ರಿಜ್‌ನಲ್ಲಿ ನಾಲ್ಕು ಗಂಟೆ ಇಡಿ. ನೊರೆ ಇಳಿಯುತ್ತದೆ, ಪುಡಿ ಪೂರ್ತಿ ನೆನೆಯುತ್ತದೆ. ಕುಡಿಸುವ ಹೊತ್ತಿಗೆ ಬೇಕಾದಷ್ಟನ್ನೇ ಸಣ್ಣ ಲೋಟಕ್ಕೆ ತೆಗೆದು, ಲೋಟವನ್ನು ಬಿಸಿನೀರಿನಲ್ಲಿಟ್ಟು 38ರಿಂದ 40 ಡಿಗ್ರಿಗೆ ತನ್ನಿ. ಮಣಿಕಟ್ಟಿನ ಒಳಭಾಗಕ್ಕೆ ಹನಿ ಬಿಟ್ಟರೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಮೈಕ್ರೋವೇವ್ ಬೇಡ, ನಡುವೆ ಸುಡುತ್ತದೆ. ಕಲಸಿದ ಹಾಲಿನ ಆಯುಷ್ಯ ಫ್ರಿಜ್‌ನಲ್ಲಿ 24 ಗಂಟೆ. ಒಮ್ಮೆ ಬಿಸಿ ಮಾಡಿ ಉಳಿದದ್ದನ್ನು ಚೆಲ್ಲಿ. ಪುಡಿ ದುಬಾರಿ ಎಂದು ಮತ್ತೆ ಫ್ರಿಜ್‌ಗಿಡುವುದೇ ಅತಿ ದುಬಾರಿ ಉಳಿತಾಯ.

ಈಗ ಪ್ರಮಾಣ. ವಿಮರ್ಶೆಯ ಮುಖ್ಯ ತಕರಾರು ಇಲ್ಲೇ ಇರುವುದು. ಡಬ್ಬದ ಸೂಚನೆಯಲ್ಲಿ 115 ಗ್ರಾಂ ತೂಕಕ್ಕೆ ದಿನಕ್ಕೆ 30 ಮಿ.ಲೀ. ಕಲಸಿದ ಹಾಲು ಎಂದಿದೆ, ದುರ್ಬಲ ಮರಿಗೆ ಮೂರು-ನಾಲ್ಕು ಗಂಟೆಗೊಮ್ಮೆ. ಬೆಕ್ಕಿನ ಮರಿಗೆ ಸರಿ. ಅದೇ 115 ಗ್ರಾಂ ಮೊಲದ ಮರಿಗೆ, ಗಟ್ಟಿ ಕಲಸಿದ ಹಾಲನ್ನು ಒಂದು ಹೊತ್ತಿಗೆ ತೂಕದ ಶೇ. 5ರಷ್ಟು ಎಂದರೆ ಸುಮಾರು 6 ಮಿ.ಲೀ.ಯಿಂದ ಶುರುಮಾಡಿ, ಒಗ್ಗಿದ ಮೇಲೆ ಶೇ. 8ರವರೆಗೆ, ಅಂದರೆ 9 ಮಿ.ಲೀ.ಗೆ ಏರಿಸಬೇಕು. ಬೆಳಗಿನ ನಸುಕಿಗೆ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ದಿನದ ಒಟ್ಟು ಹೆಚ್ಚೆಂದರೆ 18 ಮಿ.ಲೀ., ಡಬ್ಬ ಹೇಳುವುದಕ್ಕಿಂತ ಬಹಳ ಕಡಿಮೆ. ಹಗಲಿಡೀ ಮೂರು ಗಂಟೆಗೊಮ್ಮೆ ಮರಿಯನ್ನು ಎತ್ತಿ ಹಿಡಿದು ಕುಡಿಸುವುದರಿಂದ ಆಗುವ ಹಾನಿ ಹಾಲಿನದಷ್ಟೇ ಅಲ್ಲ, ಹೆದರಿಕೆಯದೂ ಹೌದು. ಕಾಡುಮೊಲ ಹೆದರಿಕೆಯಿಂದಲೇ ಸಾಯಬಲ್ಲ ಪ್ರಾಣಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಲಾನ್ ಕತ್ತರಿಸುವಾಗ ಗೂಡು ಸಮೇತ ಸಿಗುವುದು ಬೇರೆ ಜಾತಿಯ, ಇನ್ನೂ ಸಣ್ಣ ಮರಿಗಳು. ಅಲ್ಲಿ ಚಾಲ್ತಿಯಲ್ಲಿರುವ ಅಳತೆ, ಹೊತ್ತಿಗೆ ಮೊದಲ ವಾರ 2-2.5 ಮಿ.ಲೀ., ಎರಡನೆಯ ವಾರ 5-7, ಮೂರನೆಯ ವಾರ 7-13, ದಿನಕ್ಕೆರಡು ಸಲ. ಈ ಕೋಷ್ಟಕವನ್ನು ನೋಡಿ ಇಲ್ಲಿಯ ಕಾಡುಮೊಲದ ಮರಿಗೆ ಅನ್ವಯಿಸಬಾರದು. ವಯಸ್ಸು ಗೊತ್ತಿಲ್ಲದ ಮರಿಗೆ ವಾರದ ಲೆಕ್ಕ ಕೈಕೊಡುತ್ತದೆ. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಈ ಕೆಲಸಕ್ಕೆ ಡಬ್ಬದಷ್ಟೇ ಅಗತ್ಯ. ಪ್ರತಿದಿನ ಒಂದೇ ಹೊತ್ತಿಗೆ, ಬೆಳಗಿನ ಹಾಲಿಗೆ ಮುಂಚೆ ತೂಗಿ ಬರೆದಿಡಿ. ಸತತ ಎರಡು ದಿನ ತೂಕ ಇಳಿದರೆ ಹಾಲಿನಲ್ಲಲ್ಲ, ಮರಿಯಲ್ಲಿ ತೊಂದರೆಯಿದೆ ಎಂದು ತಿಳಿದು ವೈದ್ಯರ ಬಳಿ ಹೋಗಿ.

ಮರಿ ಕೈಗೆ ಬಂದ ತಕ್ಷಣ ಡಬ್ಬ ತೆರೆಯುವ ಹಾಗಿಲ್ಲ ಎಂಬುದೂ ಲೇಬಲ್‌ನಲ್ಲಿ ದಪ್ಪಕ್ಷರದಲ್ಲಿರಬೇಕಿತ್ತು. ಕಿವಿ, ಪಾದ, ಬಾಯೊಳಗೆ ತಣ್ಣಗಿರುವ ಮರಿಯ ಹೊಟ್ಟೆ ಕೆಲಸ ಮಾಡುತ್ತಿರುವುದಿಲ್ಲ. ಹೋದ ಹಾಲು ಅಲ್ಲೇ ಕೊಳೆಯುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆ ಹಾಸಿ (ದಾರ ಎದ್ದ ಟವೆಲ್ ಬೇಡ, ಉಗುರು ಸಿಕ್ಕಿಕೊಂಡು ಕಾಲು ತಿರುಚುತ್ತದೆ), ಅರ್ಧ ಪೆಟ್ಟಿಗೆಯಡಿ ಮಾತ್ರ ಬಿಸಿನೀರಿನ ಚೀಲವಿಡಿ. ಬಿಸಿ ಹೆಚ್ಚಾದರೆ ಮರಿ ಆಚೆ ಬದಿಗೆ ಸರಿಯಲು ಜಾಗವಿರಬೇಕು. ಮೈ ಬೆಚ್ಚಗಾದ ಮೇಲೆ ಮೊದಲ ಹೊತ್ತಿಗೆ ಓಆರ್‌ಎಸ್ ಮಾತ್ರ. ಎಲೆಕ್ಟ್ರಾಲ್‌ನ 21.8 ಗ್ರಾಂ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಒಂದು ಚಿಟಿಕೆ ಪುಡಿ ಒಂದು ಲೋಟಕ್ಕೆ ಎಂಬ ಅಂದಾಜು ಬೇಡ, ಉಪ್ಪಿನ ಪ್ರಮಾಣ ಏರುಪೇರಾದರೆ ಉಪಕಾರಕ್ಕಿಂತ ಅಪಾಯವೇ ಹೆಚ್ಚು. ಎರಡನೆಯ ಹೊತ್ತಿಗೆ ಅರ್ಧ ಓಆರ್‌ಎಸ್, ಅರ್ಧ ಹಾಲು. ಮೂರನೆಯದರಿಂದ ಪೂರ್ತಿ ಹಾಲು. ತೀರಾ ಸೊರಗಿದ ಮರಿಗೆ ಮಾತ್ರ ಮೊದಲ ದಿನ ಇದನ್ನೇ ನಾಲ್ಕು ಸಣ್ಣ ಹೊತ್ತುಗಳಾಗಿ ಒಡೆಯಬಹುದು.

ಕಂಪನಿ ಮಾರುವ ಹಾಲೂಡಿಸುವ ಬಾಟಲಿಯನ್ನು ಕೊಳ್ಳಬೇಡಿ. ನಿಪ್ಪಲ್‌ಗೆ ತೂತು ಇರುವುದಿಲ್ಲ, ನಾವೇ ಸೂಜಿ ಕಾಯಿಸಿ ಮಾಡಬೇಕು. ಮಾಡಿದ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಮೊಲದ ಮರಿಗೆ ಅದು ಪ್ರವಾಹ. ಮೇಲಾಗಿ ಬೆಕ್ಕಿನ ಮರಿಯ ಬಾಯಿಯ ಅಳತೆಯ ನಿಪ್ಪಲ್ ಮೊಲದ ಸೀಳುತುಟಿಯ ಕಿರಿಬಾಯಿಗೆ ಕೂರುವುದಿಲ್ಲ. ಔಷಧಿ ಅಂಗಡಿಯ ಸೂಜಿಯಿಲ್ಲದ 1 ಮಿ.ಲೀ. ಸಿರಿಂಜ್ ಸಾಕು, ಬಲಿತ ಮರಿಗೆ 2 ಮಿ.ಲೀ. ಡಿಸ್ಪೋವ್ಯಾನ್ ಸಿರಿಂಜ್ ಆದರೂ ನಡೆಯುತ್ತದೆ. ಸಮಸ್ಯೆ ಅದರ ಕಪ್ಪು ರಬ್ಬರ್ ಬಿರಡೆಯದು. ಹಾಲಿನ ಕೊಬ್ಬು ತಾಗಿ ನಾಲ್ಕಾರು ಸಲ ತೊಳೆಯುವಷ್ಟರಲ್ಲಿ ಉಬ್ಬಿ ಅಂಟತೊಡಗುತ್ತದೆ. ಹೆಬ್ಬೆರಳು ಒತ್ತಿದಾಗ ಮೊದಲು ಅಲುಗುವುದಿಲ್ಲ, ಆಮೇಲೆ ಒಮ್ಮೆಲೇ ಜಾರಿ ಅರ್ಧ ಮಿ.ಲೀ. ಚಿಮ್ಮುತ್ತದೆ. ಆ ಅರ್ಧ ಮಿ.ಲೀ. ಹೋಗುವುದು ಶ್ವಾಸಕೋಶಕ್ಕೆ. ಎರಡು ದಿನದೊಳಗೆ ಉಸಿರಾಟದಲ್ಲಿ ಗೊರಗೊರ, ಆಮೇಲೆ ಸಾವು. ದಿನಕ್ಕೊಂದು ಹೊಸ ಸಿರಿಂಜ್ ತೆಗೆಯಿರಿ. ಡಬ್ಬದ ಬೆಲೆಯ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ. ಅಳಿಲು ಮರಿಗಳಿಗೆ ಮಾಡುವಂತೆ ಸಿರಿಂಜಿನ ತುದಿಗೆ ಸೈಕಲ್ ವಾಲ್ವ್ ಟ್ಯೂಬ್ ಸಿಕ್ಕಿಸುವ ರೂಢಿಯಿದೆ. ಕಾಡುಮೊಲದ ಮರಿಗೆ ಇದು ಬೇಡ. ಅದರ ಮುಂಹಲ್ಲು ಆಗಲೇ ಚೂಪಾಗಿರುತ್ತದೆ, ತುಂಡಾದ ರಬ್ಬರ್ ನೇರ ಹೊಟ್ಟೆಗೆ.

ಹಿಡಿಯುವ ಕ್ರಮ: ಮರಿ ನಾಲ್ಕು ಕಾಲ ಮೇಲೆ, ಅಥವಾ ಎದೆ ಕೆಳಗಾಗಿ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ. ಮಗುವನ್ನು ಮಲಗಿಸಿದಂತೆ ಬೆನ್ನ ಮೇಲೆ ಮಲಗಿಸಿದರೆ ಹಾಲು ದಾರಿ ತಪ್ಪುತ್ತದೆ. ಹಿಂಗಾಲಿನ ಕೆಳಗೆ ಅಂಗೈ ಆಸರೆ ಇರಲೇಬೇಕು. ಗಾಳಿಯಲ್ಲಿ ಒದ್ದಾಡಿದ ಮೊಲ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳುತ್ತದೆ. ಸಿರಿಂಜನ್ನು ಬಾಯಿಯ ಬದಿಯಿಂದ, ಮುಂಹಲ್ಲಿನ ಹಿಂದಿನ ಖಾಲಿ ಜಾಗದಲ್ಲಿ ಇಟ್ಟು ಹನಿಹನಿಯಾಗಿ ಒತ್ತಿ, ಮರಿ ನುಂಗಿದ್ದು ಕಂಡ ಮೇಲೆ ಮುಂದಿನ ಹನಿ. ಮೂಗಿನಲ್ಲಿ ಹಾಲಿನ ಗುಳ್ಳೆ ಕಂಡರೆ ನಿಲ್ಲಿಸಿ, ತಲೆ ಸ್ವಲ್ಪ ಕೆಳಗೆ ಬಾಗಿಸಿ, ಟಿಶ್ಯೂ ತುದಿಯಿಂದ ಹೀರಿ. ಆ ಹೊತ್ತಿನ ಹಾಲು ಅಲ್ಲಿಗೆ ಮುಗಿಯಿತು. ಕುಡಿಸಿದ ಮೇಲೆ ಬಾಯಿ ಸುತ್ತ ಒರೆಸಿ, ಹಾಲು ಒಣಗಿದ ಕಡೆ ರೋಮ ಉದುರಿ ಚರ್ಮ ಹುಣ್ಣಾಗುತ್ತದೆ. ಎರಡು ವಾರದೊಳಗಿನ ಮರಿಗೆ ಒದ್ದೆ ಹತ್ತಿಯಿಂದ ಬಾಲದಡಿ ಮೆಲ್ಲಗೆ ತೀಡಿ. ತಾಯಿ ನೆಕ್ಕಿದಾಗಲೇ ಮೂತ್ರ ಬಿಡುವ ಅಭ್ಯಾಸ ಅದರದು.

ಏನು ಕೆಡಬಹುದು? ಮೊದಲ ಶತ್ರು ಭೇದಿ. ತಾಯಿಯ ಹಾಲು ಮೊಲದ ಮರಿಯ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳನ್ನು ತಡೆಯುವ ಕೊಬ್ಬಿನಾಮ್ಲಗಳನ್ನು ಉಂಟುಮಾಡುತ್ತದೆ. ಯಾವ ಡಬ್ಬದ ಹಾಲೂ ಅದನ್ನು ಕೊಡದು. ಆದ್ದರಿಂದ ಶುಚಿತ್ವ ಒಂದೇ ಆಸರೆ. ಹಿಕ್ಕೆ ಮೆತ್ತಗಾದರೆ ಕ್ರೀಮ್ ನಿಲ್ಲಿಸಿ, ನೀರಾದರೆ ಹಾಲನ್ನೇ ನಿಲ್ಲಿಸಿ 12 ಗಂಟೆ ಓಆರ್‌ಎಸ್ ಕೊಡುತ್ತ ವೈದ್ಯರನ್ನು ಕಾಣಿ. ಮನೆಯಲ್ಲಿ ಮಗುವಿಗೆ ತಂದು ಉಳಿದ ಅಮಾಕ್ಸಿಸಿಲಿನ್ ಸಿರಪ್ ಕೊಡುವ ಸಾಹಸ ಬೇಡವೇ ಬೇಡ. ಬಾಯಿಯ ಮೂಲಕ ಕೊಡುವ ಪೆನಿಸಿಲಿನ್ ಗುಂಪಿನ ಔಷಧಗಳು ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು, ವಿಷ ಉಗುಳುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾಗಳಿಗೆ ಜಾಗ ಬಿಟ್ಟುಕೊಡುತ್ತವೆ. ಕ್ಲಿಂಡಾಮೈಸಿನ್ ಕೂಡ ಹಾಗೇ. ರಕ್ತ ಹೀರುವ ಉಣ್ಣೆ (ಉಣುಗು) ಹತ್ತಿದ್ದರೆ ನಾಯಿಗೆ ಹಚ್ಚುವ ಫಿಪ್ರೊನಿಲ್ ಹನಿ ಅಥವಾ ಸ್ಪ್ರೇ ಹಾಕಬಾರದು, ಮೊಲಕ್ಕೆ ಅದು ವಿಷ. ಚಿಮಟದಿಂದ ಒಂದೊಂದಾಗಿ ಕೀಳಿ, ಕೈಗವಸು ಹಾಕಿಕೊಂಡು. ಮಂಗನ ಕಾಯಿಲೆಯ ಮಲೆನಾಡಿನಲ್ಲಂತೂ ಬರಿಗೈಯಲ್ಲಿ ಉಣ್ಣೆ ಮುಟ್ಟುವ ಮಾತೇ ಇಲ್ಲ. ಬೆಕ್ಕು ಕಚ್ಚಿದ ಮರಿಗೆ ಗಾಯ ಸಾಸಿವೆಯಷ್ಟಿದ್ದರೂ ಅದೇ ದಿನ ವೈದ್ಯರು ಬೇಕು. ಹಾಲಿನಿಂದ ಅದು ಗುಣವಾಗದು.

ಬದಲಿಗಳ ಬಗ್ಗೆ ಚುಟುಕಾಗಿ. ನಂದಿನಿ ನೀಲಿ ಪ್ಯಾಕೆಟ್‌ನಲ್ಲಿ ಕೊಬ್ಬು ಶೇ. 3, ಹಸುವಿನ ಹಾಲಿನ ಲ್ಯಾಕ್ಟೋಸ್ ಶೇ. 4.5ರ ಮೇಲೆ. ಮೊಲಕ್ಕೆ ಬೇಕಾದದ್ದಕ್ಕೆ ಪೂರ್ತಿ ತಿರುವುಮುರುವು. ಮೇಕೆ ಹಾಲು ಒಂದು ರಾತ್ರಿಯ ಮಟ್ಟಿಗೆ ಕೈಹಿಡಿಯುತ್ತದೆ, ಕುದಿಸಿ ಆರಿಸಿ, ಮೇಲೆ ಹೇಳಿದ ಕ್ರೀಮ್ ಸೇರಿಸಿ. ಮಕ್ಕಳ ಹಾಲಿನ ಪುಡಿಗಳಲ್ಲಿ ಲ್ಯಾಕ್ಟೋಸೇ ಮುಖ್ಯ ಸಕ್ಕರೆ, ಕಂಡೆನ್ಸ್ಡ್ ಮಿಲ್ಕ್‌ನಲ್ಲಿ ಮೇಲಿಂದ ಸುರಿದ ಸಕ್ಕರೆ. ಎರಡೂ ಬೇಡ. ರಾಯಲ್ ಕ್ಯಾನಿನ್‌ನ ಬೇಬಿಕ್ಯಾಟ್ ಮಿಲ್ಕ್ ಮಾತ್ರ ಗಟ್ಟಿ ಪ್ರತಿಸ್ಪರ್ಧಿ. ಕೊಬ್ಬಿನ ಪಾಲು ಕೆಎಂಆರ್‌ಗಿಂತ ಹೆಚ್ಚು, ಪುಡಿ ಮೂರು ಪೊಟ್ಟಣಗಳಲ್ಲಿ ಬೇರೆಬೇರೆಯಾಗಿ ಬರುವುದರಿಂದ ತೆರೆಯದ ಎರಡು ಕೆಡುವುದಿಲ್ಲ. ಕೆಎಂಆರ್ ಸಿಗದಿದ್ದರೆ ಇದನ್ನೇ ಕ್ರೀಮ್ ಇಲ್ಲದೆ, ಹೊತ್ತಿನ ಪ್ರಮಾಣ ಮೇಲಿನದೇ ಇಟ್ಟುಕೊಂಡು ಬಳಸಿ. ಪ್ರೋಬಯಾಟಿಕ್ ಪುಡಿಗಳನ್ನು ಜೊತೆಗೆ ಮಾರಲು ಅಂಗಡಿಯವರು ಒತ್ತಾಯ ಮಾಡುತ್ತಾರೆ. ಹಾನಿಯಿಲ್ಲ, ಆದರೆ ಭೇದಿ ನಿಲ್ಲಿಸುವಷ್ಟು ಶಕ್ತಿಯೂ ಅದಕ್ಕಿಲ್ಲ.

ಹುಲ್ಲನ್ನು ಡಬ್ಬದಲ್ಲಿ ಕೊಳ್ಳಬೇಕಿಲ್ಲ. ಕಾಡುಮೊಲದ ಮರಿ ಎರಡನೆಯ ವಾರದ ಹೊತ್ತಿಗೆ ಹುಲ್ಲು ಮೆಲ್ಲತೊಡಗುತ್ತದೆ. ಔಷಧ ಸಿಂಪಡಿಸದ ಜಾಗದ ಗರಿಕೆ, ಒಂದಿಷ್ಟು ಒಣಹುಲ್ಲು, ಸಿಕ್ಕರೆ ಕುದುರೆ ಮೆಂತೆ ಪೆಟ್ಟಿಗೆಯ ಮೂಲೆಯಲ್ಲಿ ಯಾವಾಗಲೂ ಇರಲಿ. ಲಂಟಾನ, ಪಾರ್ಥೇನಿಯಂ ಎಲೆ ಅಪ್ಪಿತಪ್ಪಿಯೂ ಸೇರಬಾರದು. ಕ್ಯಾರೆಟ್, ಹಣ್ಣು, ಬಿಸ್ಕತ್ತು ಈ ವಯಸ್ಸಿನ ಕರುಳಿಗೆ ಸಕ್ಕರೆಯ ಹೊರೆ. ಹುಲ್ಲು ತಿಂದು ಒಣ ಹಿಕ್ಕೆ ಹಾಕುತ್ತ ತೂಕವೂ ಏರುತ್ತಿದ್ದರೆ ಮೊದಲು ಬೆಳಗಿನ ಹಾಲು ಬಿಡಿಸಿ, ಆಮೇಲೆ ಸಂಜೆಯದು. ಅಷ್ಟು ಹೊತ್ತಿಗೆ ಮರಿ ಇಲಾಖೆಯ ಕೈಯಲ್ಲಿರಬೇಕು. ಬಿಡುಗಡೆಯ ಜಾಗ, ಸಮಯ ಅವರ ತೀರ್ಮಾನ.

ಡಬ್ಬ 170, 340, 793 ಗ್ರಾಂ ಅಳತೆಗಳಲ್ಲಿ ಬರುತ್ತದೆ. ಒಂದು ಮರಿಗೆ 170 ಗ್ರಾಂ ಧಾರಾಳ: ದಿನಕ್ಕೆ 20 ಮಿ.ಲೀ. ಹಾಲಿಗೆ ಐದಾರು ಗ್ರಾಂ ಪುಡಿ, ಹತ್ತಿರ ಹತ್ತಿರ ತಿಂಗಳಿಗೆ ಸಾಕು. ಆಮದಾಗುವ ಮಾಲಾದ್ದರಿಂದ ಬೆಲೆ ಅಂಗಡಿಯಿಂದ ಅಂಗಡಿಗೆ ಬಹಳ ಬದಲಾಗುತ್ತದೆ, ಅವಧಿ ಮುಗಿಯುವ ಹೊಸ್ತಿಲಿನ ಡಬ್ಬಗಳೂ ಕಪಾಟಿನಲ್ಲಿರುತ್ತವೆ. ತಳದ ದಿನಾಂಕ ಓದದೆ ಹಣ ಕೊಡಬೇಡಿ. ತೆರೆದ ದಿನವನ್ನು ಮುಚ್ಚಳದ ಮೇಲೆ ಬರೆಯಿರಿ. ಫ್ರಿಜ್‌ನಲ್ಲಿ ಮೂರು ತಿಂಗಳು, ಫ್ರೀಜರ್‌ನಲ್ಲಿ ಆರು. ಹಳೆಯ ಎಣ್ಣೆಯ ಕಮಟು ಬಂದರೆ ದಿನಾಂಕ ಏನೇ ಇರಲಿ, ಚೆಲ್ಲಿ. ದೊಡ್ಡ ಡಬ್ಬ ಒಡೆದು ಪ್ಲಾಸ್ಟಿಕ್ ಚೀಲದಲ್ಲಿ ನೂರು ಗ್ರಾಂ ಲೆಕ್ಕದಲ್ಲಿ ಮಾರುವ ಅಂಗಡಿಯ ಪುಡಿ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ಅದು ಎಂದು ತೆರೆದದ್ದು, ಯಾವ ಕೈ ಹಾಕಿದ್ದು, ಒಳಗಿರುವುದು ಕೆಎಂಆರ್ ಹೌದೋ ಅಲ್ಲವೋ ಎಂದು ನೋಡಿ ಹೇಳಲು ಆಗದು.